ಹೆಂಚಿನ ಮೇಲೆ 1865 ಅಂತಿದೆ, ಮನೆ ಅಷ್ಟು ಹಳೇದಾ? (ನಗರದ ಹತ್ತಿರ ಒಂದು ತೊಟ್ಟಿಮನೆಯಲ್ಲಿ ಎರಡು ರಾತ್ರಿ)

ಕೊಡೆಮರೆತವ · ಭಾನುವಾರ ರಾತ್ರಿ 9:40

ಪುನರ್ವಸು ಮಳೆ ಜೋರಾಗಿ ಹಿಡಿದಿದ್ದ ವಾರ. ಹೊಸನಗರದಿಂದ ನಗರಕ್ಕೆ ಹೋಗುವ ದಾರಿಯಲ್ಲಿ ಬಸ್ ಇಳಿದು, ಗದ್ದೆ ಅಂಚಿನಲ್ಲಿ ಒಂದು ಮೈಲಿ ನಡೆದು, ಒಂದು ಹಳೇ ತೊಟ್ಟಿಮನೆಯಲ್ಲಿ ಎರಡು ರಾತ್ರಿ ಉಳಿದು ಬಂದೆವು. ನಾನು, ಹೆಂಡತಿ, ಅವಳ ತಮ್ಮ. (ನಗರ ಅಂದರೆ ಸಿಟಿ ಅಲ್ಲ. ಬಿದನೂರು. ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದು ಹೈದರ್‌ನಗರ ಅಂತ ಹೆಸರಿಟ್ಟ. ಹೈದರ್ ಹೋಗಿ ಬರೀ ನಗರ ಉಳಿಯಿತು. ನನ್ನ ಆಫೀಸಿನವರಿಗೆ "ನಗರಕ್ಕೆ ಹೋಗ್ತಿದ್ದೀನಿ" ಅಂದರೆ "ಬೆಂಗಳೂರಲ್ಲೇ ಇದ್ದೀಯಲ್ಲ" ಅಂದರು.)

ಮನೆಯವರು ಹಿಂದಿನ ಭಾಗದಲ್ಲಿ ಇರುತ್ತಾರೆ. ಮುಂದಿನ ನಾಲ್ಕು ಕೋಣೆಗಳನ್ನು ಬಂದವರಿಗೆ ಬಾಡಿಗೆಗೆ ಕೊಡುತ್ತಾರೆ. ಮನೆಯ ಹೆಸರು ಇಲ್ಲಿ ಬೇಡ. ನಾಳೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಇಪ್ಪತ್ತು ಜನ ಹೋಗಿ ನಿಂತರೆ ಅಜ್ಜಿ ನನ್ನನ್ನು ಬೈಯುತ್ತಾರೆ. ಬೇಕಾದವರು ಖಾಸಗಿಯಾಗಿ ಕೇಳಿ.

ಕೋಣೆಗಳಿಗೆ ನಂಬರ್ ಇಲ್ಲ, ಹೆಸರಿದೆ. ಬೀಗದ ಕೈಗೆ ಕಟ್ಟಿದ ಮರದ ತುಂಡಿನ ಮೇಲೆ ಬರೆದಿದ್ದಾರೆ: ಕಣಜ, ಮೆತ್ತು, ಉಪ್ಪಿನಕಾಯಿ ಕೋಣೆ, ಬಾಣಂತಿ ಕೋಣೆ. ಯಾವುದು ಮೊದಲು ಏನಾಗಿತ್ತೋ ಅದೇ ಹೆಸರು. ನಮಗೆ ಸಿಕ್ಕಿದ್ದು ಬಾಣಂತಿ ಕೋಣೆ. ಒಂದು ಗೇಣು ಅಗಲದ ಕಿಟಕಿ. ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಆದರೆ ಅಷ್ಟು ಬೆಚ್ಚಗಿನ ಕೋಣೆ ಆ ಮಳೆಯಲ್ಲಿ ಇನ್ನೊಂದು ಇರಲಿಲ್ಲ, ಗೋಡೆಯ ಆಚೆಗೇ ಬಚ್ಚಲ ಒಲೆ. ಭಾವಮೈದನಿಗೆ ಉಪ್ಪಿನಕಾಯಿ ಕೋಣೆ. ಭರಣಿಗಳನ್ನು ಎತ್ತಿ ಎಷ್ಟೋ ವರ್ಷ ಆಗಿದೆಯಂತೆ, ಆದರೂ ಗೋಡೆ ಇನ್ನೂ ಅಪ್ಪೆಮಿಡಿ ವಾಸನೆ ಬಿಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಂದು "ಭಾವ, ಮೊಸರನ್ನ ಸಿಗತ್ತಾ" ಅಂದ.

ಇನ್ನು ವಿಚಿತ್ರಗಳು. ಹಿತ್ತಲ ಜಗಲಿಯಲ್ಲಿ ಒಂದು ಬಲ್ಬು, ಹಗಲೂ ಉರಿಯುತ್ತಿರುತ್ತದೆ. ಕೆಳಗೆ ಚೀಟಿ: "ದಯವಿಟ್ಟು ಆರಿಸಬೇಡಿ." ಬಚ್ಚಲ ಪಕ್ಕ ಒಂದು ನಲ್ಲಿ, ಸದಾ ಧೋ ಅಂತ ಹರಿಯುತ್ತಿರುತ್ತದೆ. ಅದಕ್ಕೆ ಚೀಟಿ ಇರಲಿಲ್ಲ. ಚೀಟಿ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ನಾವು ಬೆಂಗಳೂರಿನ ಜನ, ಟ್ಯಾಂಕರ್ ನೀರಿನಲ್ಲಿ ಸಂಸಾರ ಮಾಡುವವರು. ನೀರು ಸುಮ್ನೆ ಹರಿದು ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ರಾತ್ರಿ ಮಲಗುವ ಮುಂಚೆ ನಲ್ಲಿ ಗಟ್ಟಿಯಾಗಿ ತಿರುಗಿಸಿ ಬಂದ್ ಮಾಡಿದೆ. ಪುಣ್ಯದ ಕೆಲಸ ಮಾಡಿದವನ ಹಾಗೆ ನಿದ್ದೆ ಹೊಡೆದೆ. ಬೆಳಿಗ್ಗೆ ಎದ್ದರೆ ಇಡೀ ಮನೆಗೆ ನೀರಿಲ್ಲ. ಹೊರಗೆ ಧಾರಾಕಾರ ಮಳೆ, ಒಳಗೆ ಮುಖ ತೊಳೆಯಲು ನೀರಿಲ್ಲ! ಅದು ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುತ್ತದೆ, ಪಂಪೂ ಇಲ್ಲ ಟ್ಯಾಂಕೂ ಇಲ್ಲ. ಕೆಳಗೆ ಬಂದ್ ಮಾಡಿದರೆ ಒತ್ತಡಕ್ಕೆ ಮೇಲೆ ಎಲ್ಲೋ ಜೋಡಣೆ ಬಿಟ್ಟುಕೊಳ್ಳುತ್ತದೆ. ಯಜಮಾನರ ಮಗ ಕಂಬಳಿಕೊಪ್ಪೆ ಹೊದ್ದು ಗುಡ್ಡ ಹತ್ತಿದರು. ನಾನೂ ಹಿಂದೆ ಹೋದೆ, ನಾಚಿಕೆಗೆ. ಅವರು ಒಂದು ಮಾತೂ ಬೈಯಲಿಲ್ಲ. ಪೈಪ್ ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, "ವರ್ಷಕ್ಕೆ ಇಬ್ಬರಾದರೂ ಮಾಡ್ತಾರೆ ಸಾರ್" ಅಂದರು. ನನ್ನ ಕಾಲಲ್ಲಿ ಏಳು ಉಂಬಳ (ಜಿಗಣೆ).

ಈಗ ಮುಖ್ಯ ವಿಷಯ. ಗೇಟಿನ ಹತ್ತಿರ ಬೋರ್ಡ್ ಇದೆ: "1865ರ ಪಾರಂಪರಿಕ ಮನೆ". ಮಗನನ್ನು ಕೇಳಿದರೆ ಒಂದು ಬಿಡಿ ಹೆಂಚು ತಂದು ತೋರಿಸಿದರು. ಮಂಗಳೂರು ಹೆಂಚು, ಅಡಿಭಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಾಸೆಲ್ ಮಿಷನ್, 1865 ಅಂತ ಒತ್ತಿದ್ದಾರೆ. ಆಮೇಲೆ ಹೆಬ್ಬಾಗಿಲು. ಗಿಡ್ಡ ಬಾಗಿಲು, ನನ್ನ ಎತ್ತರ ಐದಡಿ ಹತ್ತು. ಮೂರನೇ ಸಲ ತಲೆ ಹೊಡೆಸಿಕೊಂಡಾಗ ಸಿಟ್ಟಿನಿಂದ ಮೇಲೆ ನೋಡಿದೆ. ದಾರಂದದ ಮೇಲೆ ಅಕ್ಷರ ಕೆತ್ತಿದೆ! "ಆನಂದ" ಅನ್ನುವುದು ಸ್ಪಷ್ಟ. ಮುಂದಿನದೆಲ್ಲ ವಾರ್ನಿಶ್ ತುಂಬಿ ಮುಚ್ಚಿದೆ, ನಡುವೆ ಒಂದು 3 ಕಾಣುತ್ತದೆ. ಕಟ್ಟಿಸಿದವರ ಹೆಸರಿರಬೇಕು ಅಂದೆ. ಆದರೆ ಅವರ ವಂಶದಲ್ಲಿ ಆನಂದ ಅಂತ ಯಾರೂ ಇಲ್ಲವಂತೆ. ಯಾರಿಗಾದರೂ ಗೊತ್ತಾ? ಮನೆ ನಿಜವಾಗಲೂ 1865ರದ್ದಾ?

ಕುಡ್ಲದ ಅಳಿಯ · ಭಾನುವಾರ ರಾತ್ರಿ 10:15

ಅಲ್ಲ. ಬೋರ್ಡ್ ಬರೆಸುವ ಮುಂಚೆ ಮಂಗಳೂರಿನವರನ್ನು ಒಂದು ಮಾತು ಕೇಳಬಾರದಿತ್ತಾ ಮಾರಾಯ್ರೆ.

1865 ಅನ್ನುವುದು ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು ಆಗ. ಆಮೇಲೆ ಎಷ್ಟೋ ದಶಕ ಅದೇ ಅಚ್ಚು, ಅದೇ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಅದರಲ್ಲಿ ಜರ್ಮನರು ಇದ್ದಾರೆ ಅಂತ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ವಶ ಮಾಡಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಬಿಸ್ಕತ್ತಿನ ಡಬ್ಬದ ಮೇಲೆ ಕಂಪನಿ ಹುಟ್ಟಿದ ವರ್ಷ ಇರುತ್ತಲ್ಲ, ಬಿಸ್ಕತ್ತು ಆ ವರ್ಷದ್ದಾ? ಹಾಗೇ ಇದು.

ನನ್ನ ಮಾವನ ಮನೆ ಮಾಡಿನಲ್ಲೂ 1865 ಇದೆ. ಆ ಮನೆ ಕಟ್ಟುವಾಗ ಮಾವನಿಗೆ ಹತ್ತು ವರ್ಷ. ಇಟ್ಟಿಗೆ ಹೊತ್ತಿದ್ದು ಅವರಿಗೆ ಚೆನ್ನಾಗಿ ನೆನಪಿದೆ.

ಶನಿವಾರದ ಸವಾರ · ಭಾನುವಾರ ರಾತ್ರಿ 11:02

ಕ್ಷಮಿಸಿ, ನಾನು ಅಪಸ್ವರ ಎತ್ತುತ್ತೇನೆ. ಕತ್ತಲೆ ಕೋಣೆ, ನಾಲ್ಕು ಕೋಣೆಗೆ ಒಂದು ಬಚ್ಚಲು, ಗಿಡ್ಡ ಬಾಗಿಲು, ಉಂಬಳ. ಇದಕ್ಕೆ ದುಡ್ಡು ಬೇರೆ ಕೊಡಬೇಕು, ಆಮೇಲೆ "ಅನುಭವ" ಅಂತ ಬರೆಯಬೇಕು. ನಮ್ಮಜ್ಜಿ ಮನೆಯಲ್ಲಿ ಇದೆಲ್ಲ ಪುಕ್ಕಟೆ ಇತ್ತು, ಆಗ ನಾವೇ ಓಡಿ ಹೋಗುತ್ತಿದ್ದೆವು.

ಹೋದ ವರ್ಷ ಆರಿದ್ರಾ ಮಳೆಯಲ್ಲಿ ನಾನೂ ಇಂಥದ್ದೇ ಒಂದು ಮನೆಗೆ ಹೋಗಿದ್ದೆ. ಊರು ಬೇಡ. ಫೋಟೋದಲ್ಲಿ ಜಗಲಿ, ಎದುರಿಗೆ ಅಡಿಕೆ ತೋಟ, ಹಿಂದೆ ಗುಡ್ಡ. ಹೋಗಿ ನೋಡಿದರೆ ಜಗಲಿ ಉದ್ದಕ್ಕೂ ಒಣ ಸೋಗೆ ಕಟ್ಟಿ ಮುಚ್ಚಿಬಿಟ್ಟಿದ್ದಾರೆ! ತೋಟ ಇಲ್ಲ, ಗುಡ್ಡ ಇಲ್ಲ. ಎರಡು ದಿನ ಸೋಗೆ ನೋಡುತ್ತಾ ಕಾಫಿ ಕುಡಿದೆ. ತೆಗೆಯಿರಿ ಅಂದರೆ ನಕ್ಕರು. ಇದು ಮೋಸ ಅಲ್ವಾ?

ತೀರ್ಥಳ್ಳಿ ಸೊಸೆ · ಸೋಮವಾರ ಬೆಳಿಗ್ಗೆ 6:50

ಮೋಸ ಅಲ್ಲ, ಅದು ಝಡಿ ತಟ್ಟಿ. ಮಳೆ ಬರುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟದಿದ್ದರೆ ಇರಚಲು ಒಳಗೆ ಬಂದು ಮಣ್ಣಿನ ಗೋಡೆ ನೆನೆಯುತ್ತದೆ. ನೆಂದ ಗೋಡೆ ಎರಡು ಮಳೆಗಾಲ ತಡೆಯಬಹುದು, ಮೂರನೆಯದು ಅನುಮಾನ. ಮಳೆಗೆ ಮುಂಚೆ ಕಟ್ಟುವುದು, ಮಳೆ ಮುಗಿದ ಮೇಲೆ ಬಿಚ್ಚುವುದು. ನಿಮ್ಮ ಫೋಟೋಕ್ಕೋಸ್ಕರ ಯಾರೂ ಜುಲೈನಲ್ಲಿ ತಟ್ಟಿ ಬಿಚ್ಚುವುದಿಲ್ಲ. ಅವರು ಮಳೆಗಾಲದ ಫೋಟೋ ಒಂದು ಹಾಕಬೇಕಿತ್ತು, ಅದು ಒಪ್ಪುತ್ತೇನೆ.

ಗಿಡ್ಡ ಬಾಗಿಲು, ಸಣ್ಣ ಕಿಟಕಿ, ಕತ್ತಲೆ ಎಲ್ಲವೂ ಹಾಗೇ. ನಮ್ಮ ಮನೆಗಳನ್ನು ಕಟ್ಟಿದ್ದು ನೋಟಕ್ಕಲ್ಲ, ನಾಲ್ಕು ತಿಂಗಳ ಮಳೆಯಿಂದ ಅಡಿಕೆ, ಭತ್ತ, ಮಕ್ಕಳನ್ನು ಒಣಗಿಸಿ ಇಟ್ಟುಕೊಳ್ಳಲು. ಬೆಳಕು ಬೇಕಾದರೆ ತೊಟ್ಟಿಯ ಅಂಚಿಗೆ ಬಂದು ಕೂರಬೇಕು. ಇಡೀ ಮನೆಯ ಬೆಳಕು ಬೀಳುವುದು ಅಲ್ಲೇ. ಅಕ್ಕಿ ಆರಿಸುವುದು, ತಲೆ ಬಾಚುವುದು, ಜಗಳ ಆಡುವುದು ಎಲ್ಲ ಅಲ್ಲೇ.

ಕೊಡೆಮರೆತವರೇ, ಆ ಬಲ್ಬಿನ ಗುಟ್ಟು ಕೇಳಿದಿರಾ?

ಕೊಡೆಮರೆತವ · ಸೋಮವಾರ ಬೆಳಿಗ್ಗೆ 9:10

ಕುಡ್ಲದ ಅಳಿಯನವರೇ, ಹೊಟ್ಟೆಗೆ ಒದ್ದ ಹಾಗಾಯಿತು. ನಾನು ಈಗಾಗಲೇ ಆಫೀಸಿನಲ್ಲಿ "ನೂರಾ ಅರವತ್ತು ವರ್ಷದ ಮನೆ" ಅಂತ ಡಂಗುರ ಹೊಡೆದಾಗಿದೆ.

ಬಲ್ಬಿನ ಕಥೆ ಕೇಳಿದೆ ಅಕ್ಕ. ಮನೆ ಕೆಳಗಿನ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿದ್ದಾರೆ, ಒಂದು ಕಿಲೋವ್ಯಾಟಿನದು. ಹಳ್ಳದಲ್ಲಿ ನೀರಿರುವ ತನಕ ಸ್ವಂತ ಕರೆಂಟು. ಎಲ್ಲ ಬಲ್ಬು ಒಟ್ಟಿಗೆ ಆರಿಸಿದರೆ ಹೊರೆ ಇಲ್ಲದೆ ಟರ್ಬೈನ್ ಹುಚ್ಚು ಹಿಡಿದ ಹಾಗೆ ತಿರುಗಿ, ವೋಲ್ಟೇಜ್ ಏರಿ, ಎಲ್ಲ ಸುಟ್ಟು ಹೋಗುತ್ತದಂತೆ. ಈಗ ಹೆಚ್ಚಾದ ಕರೆಂಟನ್ನು ನೀರು ಕಾಯಿಸುವ ಕಾಯಿಲಿಗೆ ತಿರುಗಿಸುವ ಪೆಟ್ಟಿಗೆ ಹಾಕಿದ್ದಾರೆ, ಆರಿಸಿದರೂ ಏನೂ ಆಗುವುದಿಲ್ಲ. ಆದರೆ ಚೀಟಿ ಅಜ್ಜಿಯದು. ಅವರು ಪೆಟ್ಟಿಗೆಯನ್ನು ನಂಬುವುದಿಲ್ಲ.

ಶನಿವಾರದ ಸವಾರರಿಗೆ: ಊಟದ ವಿಷಯ ಬರೆಯಲೇ ಇಲ್ಲ ನಾನು. ಬೆಳಿಗ್ಗೆ ಕೊಟ್ಟೆ ಕಡುಬು. ಹಲಸಿನ ಎಲೆ ನಾಲ್ಕು ಸೇರಿಸಿ ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುತ್ತಾರೆ. ಬಿಸಿಯಿರುವಾಗ ಎಲೆ ಸುಲಿದರೆ ಎಲೆಯ ನರ ನರ ಕಡುಬಿನ ಮೈಮೇಲೆ ಅಚ್ಚು ಮೂಡಿರುತ್ತದೆ. ಮೇಲೆ ತುಪ್ಪ, ಪಕ್ಕಕ್ಕೆ ಜೋನಿಬೆಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಕಳಲೆ ಪಲ್ಯ. ಇದಕ್ಕೂ ಅಪಸ್ವರ ಇದ್ದರೆ ಹೇಳಿ.

ಶನಿವಾರದ ಸವಾರ · ಸೋಮವಾರ ಬೆಳಿಗ್ಗೆ 9:25

ಕಳಲೆಗೆ ಅಪಸ್ವರ ಇಲ್ಲ.

ಹಳೇ ಓವರ್‌ಸಿಯರ್ · ಸೋಮವಾರ ಮಧ್ಯಾಹ್ನ 2:30

ನಿವೃತ್ತ ಲೋಕೋಪಯೋಗಿ ಇಲಾಖೆಯವನು. ಹಳೇ ಕಟ್ಟಡದಲ್ಲಿ ಉಳಿಯುವುದು ಅಂದರೆ ನಮ್ಮ ಕಾಲದಲ್ಲಿ ಐ.ಬಿ., ಟಿ.ಬಿ. ಅಷ್ಟೆ. ಇನ್‌ಸ್ಪೆಕ್ಷನ್ ಬಂಗಲೆ ಇಲಾಖೆಯವರಿಗೆ, ಟ್ರಾವೆಲರ್ಸ್ ಬಂಗಲೆ ಬೇರೆಯವರಿಗೂ. ಅದಕ್ಕೂ ಕೆಳಗಿನದು ಮುಸಾಫರ್‌ಖಾನೆ. ಅದೂ ಇಲ್ಲದ ಕಡೆ ಯಾವುದಾದರೂ ಮನೆಯ ಜಗಲಿ. ಘಟ್ಟ ಇಳಿಯುವ ಗಾಡಿಯವರು ಜಗಲಿಯಲ್ಲಿ ಮಲಗಿ ಬೆಳಿಗ್ಗೆ ಹೊರಡುತ್ತಿದ್ದರು, ಯಾರೂ ಹೆಸರು ಕೇಳುತ್ತಿರಲಿಲ್ಲ. ನೀವು ಹೇಳಿದ ಮನೆ ನಗರದ ದಾರಿಯಲ್ಲಿ ಅಂದರೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆ ಹೋಗುವವರು ಖಂಡಿತ ಅಲ್ಲಿ ತಂಗಿರುತ್ತಾರೆ. ಆಗ ಬೋರ್ಡ್ ಇರಲಿಲ್ಲ, ಬಾಡಿಗೆಯೂ ಇರಲಿಲ್ಲ.

ಬಂಗಲೆಯಲ್ಲಿ ರಾಜ ಅಂದರೆ ಮೇಟಿ, ಬಂಗಲೆ ನೋಡಿಕೊಂಡು ಅಡಿಗೆ ಮಾಡುವವನು. ಸಾಹೇಬರು ಬರುತ್ತಾರೆ, ಹೋಗುತ್ತಾರೆ, ಮೇಟಿ ಖಾಯಂ. ಸಂಜೆ ಹೋಗಿ "ಕೋಳಿ ಸಾರು ಮಾಡಪ್ಪ" ಅಂದರೆ "ಆಯ್ತು ಸ್ವಾಮಿ" ಅಂತ ಹೊರಗೆ ಹೋಗುತ್ತಿದ್ದ. ಆಮೇಲೆ ಕೋಳಿ ಓಡುವ ಸದ್ದು. ಊಟ ಹತ್ತೂವರೆಗೆ.

ಒಂದು ಸಲ ಮಲೆನಾಡಿನ ಒಂದು ಬಂಗಲೆಯಲ್ಲಿ ನನ್ನನ್ನು ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದರು. ದೊಡ್ಡವರು ಬರುತ್ತಿದ್ದಾರೆ, ಖಾಲಿ ಮಾಡಿ ಅಂತ. ಹೆಂಡತಿ, ಕೈಗೂಸು, ಆಶ್ಲೇಷ ಮಳೆ. ಮೇಟಿಯ ಮನೆಯಲ್ಲಿ ಮಲಗಿದೆವು. ದೊಡ್ಡವರು ಬರಲೇ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ಹಾಸಿದ ಹಾಸಿಗೆ ಹಾಗೇ ಇತ್ತು. ಅದು ಇವತ್ತಿಗೂ ಮರೆತಿಲ್ಲ.

ಜೋಗಕ್ಕೆ ಹೋದವರು ಗಮನಿಸಿ, ಅಲ್ಲಿ ಎರಡು ಬಂಗಲೆ. ಸಾಗರದ ಕಡೆ ಮೈಸೂರು ಬಂಗಲೆ, ಸಿದ್ದಾಪುರದ ಕಡೆ ಬಾಂಬೆ ಬಂಗಲೆ. ಒಂದೇ ಜಲಪಾತ, 830 ಅಡಿ, ನೋಡಲು ಎರಡು ಸರ್ಕಾರ. 1956ರ ತನಕ ಹೊಳೆಯ ಆಚೆ ಬೊಂಬಾಯಿಯವರದು.

ತೀರ್ಥಳ್ಳಿ ಸೊಸೆ · ಸೋಮವಾರ ಮಧ್ಯಾಹ್ನ 3:05

ಓವರ್‌ಸಿಯರ್ ಸಾರ್, ಆ ಮೇಟಿಯ ಮನೆಯಲ್ಲಿ ಏನು ಊಟ ಹಾಕಿದರು?

ಹಳೇ ಓವರ್‌ಸಿಯರ್ · ಸೋಮವಾರ ಮಧ್ಯಾಹ್ನ 3:40

ಗಂಜಿ, ಸುಟ್ಟ ಹಪ್ಪಳ. ಮಗುವಿಗೆ ಹಾಲು ಪಕ್ಕದ ಮನೆಯಿಂದ ತಂದರಮ್ಮ.

ಪಂಚಾಂಗದ ಪುಟ · ಸೋಮವಾರ ರಾತ್ರಿ 8:20

ಎಲ್ಲರೂ ಹೆಂಚು ನೋಡುತ್ತಿದ್ದೀರಿ, ಬಾಗಿಲು ನೋಡಿ. ಆನಂದ ಮನುಷ್ಯನ ಹೆಸರಲ್ಲ ಸ್ವಾಮಿ. ಸಂವತ್ಸರ! ಅರವತ್ತು ಸಂವತ್ಸರಗಳಲ್ಲಿ ನಲವತ್ತೆಂಟನೆಯದು. ಹಿಂದಿನವರು ಇಸವಿ ಕೆತ್ತುತ್ತಿರಲಿಲ್ಲ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಕೆತ್ತುತ್ತಿದ್ದರು. ಆ 3 ತಿಥಿ ಇರಬೇಕು. ತದಿಗೆ.

ಆನಂದ ಸಂವತ್ಸರ ಬರುವುದು ಅರವತ್ತು ವರ್ಷಕ್ಕೊಮ್ಮೆ: 1854, 1914, 1974. ಇಷ್ಟರಲ್ಲಿ ಯಾವುದೋ ಒಂದು. 1974 ಅಂತೂ ಅಲ್ಲ, ಅಜ್ಜಿಗೆ ಗೊತ್ತಿರುತ್ತಿತ್ತು. ಉಳಿದ ಎರಡರಲ್ಲಿ ಯಾವುದು ಅಂತ ಹೇಳಲು ವಾರ ಬೇಕು. ಒಂದೇ ಮಾಸ, ಒಂದೇ ತಿಥಿ ಅರವತ್ತು ವರ್ಷದ ಆಚೆ ಅದೇ ವಾರಕ್ಕೆ ಬೀಳುವುದು ಅಪರೂಪ. ಮನೆಯವರಿಗೆ ಫೋನ್ ಮಾಡಿ ವಾರ್ನಿಶ್ ಕೆರೆಸಿ.

ಕುಡ್ಲದ ಅಳಿಯ · ಸೋಮವಾರ ರಾತ್ರಿ 8:31

1854 ಆಗಲು ಸಾಧ್ಯವಿಲ್ಲ. ಆಗ ಮಂಗಳೂರು ಹೆಂಚೇ ಇರಲಿಲ್ಲ.

ಪಂಚಾಂಗದ ಪುಟ · ಸೋಮವಾರ ರಾತ್ರಿ 8:40

ಹೆಂಚು ಇರಲಿಲ್ಲ ಅಂದರೆ ಮನೆ ಇರಲಿಲ್ಲ ಅಂತ ಅರ್ಥವಾ? ಸೋಗೆ ಮಾಡು ಇರಬಹುದು, ನಾಡಹೆಂಚು ಇರಬಹುದು. ಟೋಪಿ ಬದಲಾಯಿಸಿದರೆ ಮನುಷ್ಯ ಬದಲಾಗುತ್ತಾನಾ?

ಕೊಡೆಮರೆತವ · ಮಂಗಳವಾರ ಮಧ್ಯಾಹ್ನ 1:15

ಫೋನ್ ಮಾಡಿದೆ. ಅಲ್ಲಿ ಬಿಎಸ್ಎನ್ಎಲ್ ಒಂದೇ ಸಿಗುವುದು, ಅದೂ ಜಗಲಿಯ ಎಡ ಮೂಲೆಯಲ್ಲಿ ನಿಂತರೆ ಮಾತ್ರ. ಮಗ ಉತ್ಸಾಹದಿಂದ ಏಣಿ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ತಗೊಂಡು ಅರ್ಧ ಗಂಟೆ ಉಜ್ಜಿದ್ದಾರೆ. ಫೋಟೋ ಕಳಿಸಿದರು. ಈಗ ಪೂರ್ತಿ ಓದಲು ಬರುತ್ತದೆ:

ಆನಂದ ಸಂ|| ವೈಶಾಖ ಶು|| 3 ಮಂ||

"ಮಂ" ಅಂದರೆ ಮಂಗಳವಾರ ತಾನೇ? ಮಂಗಳ ಆಗಲಿ ಅಂತ ಅಲ್ಲವಲ್ಲ?

ಪಂಚಾಂಗದ ಪುಟ · ಮಂಗಳವಾರ ಸಂಜೆ 5:50

ಮಂಗಳವಾರವೇ. ಶಭಾಷ್. ವೈಶಾಖ ಶುದ್ಧ ತದಿಗೆ ಅಂದರೆ ಅಕ್ಷಯ ತದಿಗೆ, ಬಾಗಿಲು ನಿಲ್ಲಿಸಲು ಅದಕ್ಕಿಂತ ಒಳ್ಳೆಯ ದಿನ ಬೇಕಾ?

ಲೆಕ್ಕ ಹಾಕಿದೆ. 1854ರಲ್ಲಿ ಅಕ್ಷಯ ತದಿಗೆ ಏಪ್ರಿಲ್ 30ಕ್ಕೆ, ಭಾನುವಾರ. 1914ರಲ್ಲಿ ಏಪ್ರಿಲ್ 28ಕ್ಕೆ, ಮಂಗಳವಾರ. ಹಾಗಾಗಿ ಬಾಗಿಲು ನಿಂತದ್ದು 1914ರ ಏಪ್ರಿಲ್ 28. ಇಸವಿ ಅಷ್ಟೇ ಅಲ್ಲ, ದಿನವನ್ನೇ ಕೊಟ್ಟಿದ್ದೇನೆ. ಬೋರ್ಡಿನವರಿಗೆ ಹೇಳಿ, ಇಷ್ಟು ಕರಾರುವಾಕ್ಕಾಗಿ ಜನ್ಮದಿನ ಗೊತ್ತಿರುವ ಮನೆ ಅವರ ಸುತ್ತಮುತ್ತ ಇರಲಿಕ್ಕಿಲ್ಲ.

ಕುಡ್ಲದ ಅಳಿಯ · ಮಂಗಳವಾರ ಸಂಜೆ 6:05

1914. ಅಂದರೆ ಹೆಂಚಿಗೂ ಬಾಗಿಲಿಗೂ ಸರಿ ಹೊಂದಿತು. ನಾನು ಹೇಳಿದ್ದು ಸರಿ, ಪಂಚಾಂಗದವರು ಹೇಳಿದ್ದೂ ಸರಿ. ಚಾ ಕುಡಿಯೋಣ.

ಹೊಳೆಯಾಚೆ · ಮಂಗಳವಾರ ರಾತ್ರಿ 9:30

ನಾನು ಇಲ್ಲಿ ಬರೆಯುವುದು ಕಡಿಮೆ. ಎರಡು ದಿನದಿಂದ ಓದುತ್ತಿದ್ದೆ. ಒಂದು ಮಾತು ಹೇಳಬೇಕು ಅನ್ನಿಸಿತು: ಬಾಗಿಲಿನ ವಯಸ್ಸು ಮನೆಯ ವಯಸ್ಸು ಆಗಲೇಬೇಕು ಅಂತಿಲ್ಲ.

ನಮ್ಮ ಅಪ್ಪನ ಮನೆ ಆನಂದಪುರದ ಹತ್ತಿರ. ಎರಡು ಕೋಣೆಯ ಸಣ್ಣ ಮನೆ. ಆದರೆ ಬಾಗಿಲು ನೋಡಿದವರು ನಿಂತು ನೋಡುತ್ತಾರೆ. ಬೀಟೆ ಮರ, ಒಂದು ಗೇಣು ದಪ್ಪದ ದಾರಂದ, ಮೇಲೆ ಗಜಲಕ್ಷ್ಮಿ, ಎರಡೂ ಕಡೆ ಬಳ್ಳಿ. ಬಾಗಿಲು ಪೂರ್ತಿ ತೆರೆದರೆ ಒಳಗಿನ ಮಂಚಕ್ಕೆ ತಾಗುತ್ತದೆ, ಅದಕ್ಕೇ ಒಂದು ಕದ ಯಾವಾಗಲೂ ಹಾಕಿರುತ್ತೇವೆ. ಅದು ಆ ಮನೆಗೆ ಮಾಡಿದ ಬಾಗಿಲಲ್ಲ. ನಮ್ಮ ಅಜ್ಜನ ಮನೆ ಶರಾವತಿಯ ಆಚೆ ಇತ್ತು. ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, ಆಗ ನಮ್ಮ ಮನೆ ಉಳಿಯಿತು. 1964ರಲ್ಲಿ ಲಿಂಗನಮಕ್ಕಿ. ಅದರ ನೀರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಅಂದ ಮೇಲೆ ನಮ್ಮದು ಯಾವ ಲೆಕ್ಕ.

ನೀರು ಬರುವ ಮುಂಚೆ ಮನೆ ಬಿಚ್ಚಿದರು. ಬಾಗಿಲು, ಕಂಬ, ಮುಚ್ಚಿಗೆಯ ಹಲಗೆ, ಹೆಂಚು. ಸಾಗಿಸಲು ಆಗಿದ್ದನ್ನು ಸಾಗಿಸಿದರು, ಉಳಿದದ್ದನ್ನು ಬಂದ ಬೆಲೆಗೆ ಕೊಟ್ಟರು. ಆ ಒಂದೆರಡು ವರ್ಷ ಸಾಗರ, ಹೊಸನಗರ ಕಡೆ ಎಷ್ಟೋ ಮನೆಗಳಿಗೆ ಮುಳುಗಡೆ ಮನೆಗಳ ಮರ ಹೋಗಿದೆ. ಹಾಗಾಗಿ ಆ ಹೆಬ್ಬಾಗಿಲು ಆ ಮನೆಯದೇನಾ ಅಂತ ಅಜ್ಜಿಯನ್ನು ಒಮ್ಮೆ ಕೇಳಿ ನೋಡಿ. ಸುಮ್ನೆ, ಕುತೂಹಲಕ್ಕೆ.

ಹಳೇ ಓವರ್‌ಸಿಯರ್ · ಮಂಗಳವಾರ ರಾತ್ರಿ 10:10

ನಿಜ ತಾಯಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಗೋಡೆ ಮೇಲೆ ಕಾಣುತ್ತದೆ. ನಾನು ಹೋಗಿ ನಿಂತಿದ್ದೇನೆ.

ಶನಿವಾರದ ಸವಾರ · ಬುಧವಾರ ಬೆಳಿಗ್ಗೆ 8:00

ಓದಿದೆ. ಅಪಸ್ವರ ವಾಪಸ್ ತಗೊಂಡೆ, ಅರ್ಧ. ಒಂದೇ ಬಚ್ಚಲು ಅನ್ನುವುದು ಇನ್ನೂ ಬಾಕಿ ಇದೆ.

ಅಂದ ಹಾಗೆ ಹೋಗುವುದು ಹೇಗೆ? ಕಾರು ಮನೆ ತನಕ ಹೋಗತ್ತಾ?

ಕೊಡೆಮರೆತವ · ಬುಧವಾರ ಬೆಳಿಗ್ಗೆ 8:45

ಮಳೆಗಾಲದಲ್ಲಿ ಹೋಗುವುದಿಲ್ಲ, ಕಾರು ಮುಖ್ಯ ರಸ್ತೆಯಲ್ಲೇ ಬಿಡಬೇಕು. ನಾವು ರಾತ್ರಿ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು, ರಿಪ್ಪನ್‌ಪೇಟೆ ಮೇಲೆ ಹೊಸನಗರದ ಬಸ್ ಹಿಡಿದೆವು. ಟೈಮ್ ಇದ್ದರೆ ದಾರಿಯಲ್ಲಿ ಅರಸಾಳು ಸ್ಟೇಷನ್ ನೋಡಿ. ಶಂಕರ್‌ನಾಗ್ ಮಾಲ್ಗುಡಿ ಮಾಡಿದ ಹಳೇ ಕಟ್ಟಡ, ಈಗ ಅದನ್ನೇ ಮ್ಯೂಸಿಯಂ ಮಾಡಿದ್ದಾರೆ. ಕೊಡೆ ಮರೆಯಬೇಡಿ (ನನ್ನ ಹೆಸರು ಹೇಗೆ ಬಂತು ಅಂತ ಗೊತ್ತಾಯಿತಲ್ಲ). ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಮನೆಯವರೇ ಕೊಡುತ್ತಾರೆ. ಒಂದೇ ಬಚ್ಚಲು ನಿಜ, ಆದರೆ ಅದರಲ್ಲಿ ಅರ್ಧ ಆಳು ಎತ್ತರದ ತಾಮ್ರದ ಹಂಡೆ ಇದೆ. ಅಡಿಕೆ ಸಿಪ್ಪೆ ಉರಿ, ಹೊಗೆಯ ವಾಸನೆಯ ಬಿಸಿನೀರು. ಒಳಗೆ ಹೋದವರು ಹೊರಗೆ ಬರುವುದೇ ಇಲ್ಲ. ಸಮಸ್ಯೆ ಬಚ್ಚಲು ಒಂದೇ ಇದೆ ಅನ್ನುವುದಲ್ಲ, ನನ್ನ ಭಾವಮೈದ.

ಹೊಳೆಯಾಚೆ ಅಕ್ಕ, ಇವತ್ತು ಸಂಜೆ ಫೋನ್ ಮಾಡಿ ಅಜ್ಜಿಯನ್ನೇ ಕೇಳುತ್ತೇನೆ.

ಕೊಡೆಮರೆತವ · ಬುಧವಾರ ರಾತ್ರಿ 9:55

ಮಾತಾಡಿದೆ. ಅಜ್ಜಿಗೆ ಎಂಬತ್ತೆರಡು, ಕಿವಿ ಸ್ವಲ್ಪ ಮಂದ. ಮಗ ಮೂಲೆಯಲ್ಲಿ ನಿಂತು ನನ್ನ ಪ್ರಶ್ನೆ ಕೂಗುತ್ತಿದ್ದರು, ಅಜ್ಜಿ ಒಳಗಿನಿಂದ ಕೂಗುತ್ತಿದ್ದರು. ಅವರು ಹೇಳಿದ್ದು ಹೀಗೆ.

ಬಾಗಿಲು ಅಲ್ಲಿಯದೇ. ಅವರ ಗಂಡನ ಅಜ್ಜ ನಿಲ್ಲಿಸಿದ್ದು. "ಅಕ್ಷಯ ತದಿಗೆ ದಿನ ಈ ಬಾಗಿಲಿಗೆ ಹೂವು ಇಡೋದು ಯಾಕೆ ಅಂದುಕೊಂಡೆ ನೀನು?" ಅಂತ ಮಗನಿಗೇ ಬೈದರು. ಪ್ರತಿ ವರ್ಷ ಇಡುತ್ತಾರಂತೆ. ಮಗನಿಗೆ ಕಾರಣ ಗೊತ್ತಿರಲಿಲ್ಲ, ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ನಾವು ಇಲ್ಲಿ ಮೂರು ದಿನ ಲೆಕ್ಕ ಹಾಕಿದ್ದು ಅವರ ಹೂವಿನ ಬುಟ್ಟಿಯಲ್ಲಿ ಇತ್ತು.

ಆದರೆ ಮನೆಗೆ ಮೊದಲು ಹೆಂಚಿರಲಿಲ್ಲ. ಸೋಗೆ ಮಾಡು. ಅಜ್ಜಿ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಸೋರಿ ಸೋರಿ, ಹಾಸಿಗೆ ಎಳೆದುಕೊಂಡು ಮೂಲೆ ಮೂಲೆ ತಿರುಗಿದ್ದು ನೆನಪಿದೆಯಂತೆ. ಅದಾದ ಮಾರನೇ ವರ್ಷ ಮಾವನವರು ಹೆಂಚು ಕೊಂಡರು. ಹೊಸದಲ್ಲ. ಮುಳುಗಡೆಯವರ ಮನೆ ಹೆಂಚು.

ಕುಡ್ಲದ ಅಳಿಯನವರೇ, ಹೆಂಚಿಗೂ ಬಾಗಿಲಿಗೂ ಸರಿ ಹೊಂದಿತು ಅಂದಿದ್ದಿರಿ. ಹೊಂದಲಿಲ್ಲ. ಬಾಗಿಲು ಬೇರೆ ಮನೆಯದಾ ಅಂತ ಕೇಳಲು ಹೋದರೆ, ಬೇರೆ ಮನೆಯದು ತಲೆಯ ಮೇಲೆ ಇತ್ತು.

ಹೊಳೆಯಾಚೆ · ಬುಧವಾರ ರಾತ್ರಿ 10:20

ಯಾವ ಊರಿನ ಮನೆ ಅಂತ ಅಜ್ಜಿಗೆ ನೆನಪಿದೆಯಾ?

ಕೊಡೆಮರೆತವ · ಗುರುವಾರ ಮಧ್ಯಾಹ್ನ 12:40

ಮತ್ತೆ ಫೋನ್ ಮಾಡಿ ಕೇಳಿದೆ. ಊರಿನ ಹೆಸರು ನೆನಪಿಲ್ಲ ಅಕ್ಕ. ಲಾರಿಯಲ್ಲಿ ಬಂತು, ಎರಡೆರಡು ಹೆಂಚಿನ ನಡುವೆ ಹುಲ್ಲು ಇಟ್ಟಿದ್ದರು, ಒಂದೂ ಒಡೆದಿರಲಿಲ್ಲ ಅಂದರು. ಹೆಂಚಿನ ಜೊತೆ ಆ ಮನೆಯ ಯಜಮಾನರೂ ಬಂದಿದ್ದರಂತೆ. ಇಳಿಸುವ ತನಕ ಅಂಗಳದಲ್ಲೇ ನಿಂತಿದ್ದರು. ಎಲೆ ಹಾಕಿದೆವು, ಊಟಕ್ಕೆ ಒಳಗೆ ಬರಲಿಲ್ಲ, ಮಜ್ಜಿಗೆ ಮಾತ್ರ ಕುಡಿದರು ಅಂದರು.

ಮಗ ಬೋರ್ಡ್ ತೆಗೆಸಿದ್ದಾರೆ. ಹೊಸದರ ಮೇಲೆ ಏನು ಬರೆಸಬೇಕು ಅಂತ ನನ್ನನ್ನು ಕೇಳಿದರು. ನನಗೂ ತೋಚಲಿಲ್ಲ.

ಪಂಚಾಂಗದ ಪುಟ · ಗುರುವಾರ ಮಧ್ಯಾಹ್ನ 1:10

"ಆನಂದ ಸಂ|| ವೈಶಾಖ ಶು|| 3 ಮಂ||" ಅಂತಲೇ ಬರೆಸಲಿ. ಕೇಳಿದವರಿಗೆ ಅಜ್ಜಿ ಹೇಳುತ್ತಾರೆ.

ಹೊಳೆಯಾಚೆ · ಗುರುವಾರ ರಾತ್ರಿ 9:05

ಅಮ್ಮನಿಗೆ ಓದಿ ಹೇಳಿದೆ. ನಮ್ಮ ಅಜ್ಜ ಅಲ್ಲ ಅನ್ನಿಸುತ್ತೆ, ಅವರು ಹೆಂಚು ಮಾರಿದ್ದು ಸಾಗರದ ಕಡೆಗಂತೆ. ಆದರೂ ಅಮ್ಮ ಒಮ್ಮೆ ನೋಡಬೇಕು ಅಂದರು. ಡಿಸೆಂಬರಿನಲ್ಲಿ ಕೊಯ್ಲು ಶುರುವಾಗಿರುತ್ತದೆ, ಅವರಿಗೆ ಕೋಣೆ ಕೊಡಲು ತೊಂದರೆ ಆಗುತ್ತಾ ಕೇಳಿ. ಅಮ್ಮನಿಗೆ ಮೆಟ್ಟಿಲು ಹತ್ತಲು ಆಗಲ್ಲ, ಮೆತ್ತು ಬೇಡ. ಬಾಣಂತಿ ಕೋಣೆ ಆದೀತು. ನಂಬರ್ ಕಳಿಸಿ.